ಕಲ್ಲು ಮರಳಿತು, ಕೇರಿ ಮರಳಲಿಲ್ಲ

— ಮೇಷ್ಟ್ರೇ, ದಸರಾ ರಜೆಯಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ದೊಡ್ಡವಳಿಗೆ ಕೋಟೆ ಅಂದರೆ ಪ್ರಾಣ. ಫ್ರಾನ್ಸಿನಲ್ಲಿ ಯಾರೋ ಹಳೇ ಕಾಲದ ಕೋಟೆಯನ್ನು ಈಗ ಹೊಸದಾಗಿ ಕಟ್ಟುತ್ತಿದ್ದಾರಂತೆ, ಮೊಬೈಲಿನಲ್ಲಿ ನೋಡಿದ್ದಾಳೆ. ಅಂಥದ್ದು ನಮ್ಮ ಕಡೆ ಎಲ್ಲಿದೆ ಅಂತ ದಿನಾ ಕೇಳುತ್ತಾಳೆ.

— ಅದು ಗೆಡೆಲೋನ್ ಇರಬೇಕು. ಬರ್ಗಂಡಿ ಸೀಮೆಯ ಕಾಡೊಂದರ ನಡುವೆ 1997ರಲ್ಲಿ ಶುರುಮಾಡಿದರು. ಹದಿಮೂರನೇ ಶತಮಾನದವರು ಹೇಗೆ ಕಟ್ಟುತ್ತಿದ್ದರೋ ಹಾಗೇ ಕಟ್ಟಬೇಕು ಅನ್ನುವುದು ಅವರ ಹಟ. ಕಲ್ಲು ಅಲ್ಲೇ ಪಕ್ಕದ ಗಣಿಯದು, ಮರ ಸುತ್ತಲಿನ ಕಾಡಿನದು. ಭಾರ ಎತ್ತಲು ಕ್ರೇನ್ ಇಲ್ಲ. ಆಳುಗಳು ಒಳಗೆ ನಿಂತು ನಡೆದು ತಿರುಗಿಸುವ ದೊಡ್ಡ ಮರದ ಗಾಲಿ ಇದೆ. ಕಮ್ಮಾರರು ಉಳಿಯನ್ನು ಅಲ್ಲೇ ಹದ ಮಾಡುತ್ತಾರೆ, ಹಗ್ಗ ಹೊಸೆಯುವವರು ಹಗ್ಗ ಹೊಸೆಯುತ್ತಾರೆ. ನೋಡಲು ಬರುವವರ ಟಿಕೆಟ್ ದುಡ್ಡಿನಲ್ಲೇ ಕೆಲಸ ಸಾಗುತ್ತದೆ.

— ಅಷ್ಟೆಲ್ಲ ಕಷ್ಟಪಟ್ಟು ಇಲ್ಲದ ಕೋಟೆಯೊಂದನ್ನು ಯಾಕೆ ಕಟ್ಟಬೇಕು?

— ಕಟ್ಟುವ ಕೈ ಉಳಿಯಲಿ ಅಂತ. 2019ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟುಹೋಯಿತಲ್ಲ, ಅದರ ತೊಲೆಗಳನ್ನು ಹಳೆಯ ಪದ್ಧತಿಯಲ್ಲೇ ಕೊಡಲಿಯಿಂದ ಕೆತ್ತಿ ಮತ್ತೆ ಏರಿಸಿದವರಲ್ಲಿ ಗೆಡೆಲೋನಿನಲ್ಲಿ ಪಳಗಿದ ಬಡಗಿಗಳೂ ಇದ್ದರು. ಮಕ್ಕಳಿಗೆ ತೋರಿಸಲು ಕಟ್ಟಿದ್ದು ಅನ್ನಿಸಿಕೊಂಡದ್ದು ಕೊನೆಗೆ ಲೋಕಕ್ಕೇ ಬೇಕಾಯಿತು. ಅದಿರಲಿ, ಮರುಕಟ್ಟಿದ ಕೋಟೆ ನೋಡಲು ನಿಮ್ಮ ಮಗಳು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ನಮ್ಮ ಅರಮನೆಯ ಸುತ್ತ ನಿಂತಿರುವ ಕೋಟೆಯೇ ಮರುಕಟ್ಟಿದ್ದು.

— ಮೈಸೂರು ಕೋಟೆಯೇ? ಅದು ಹಳೇದಲ್ಲವೇ?

— ಜಾಗ ಹಳೆಯದು. 1524ರಲ್ಲಿ ಹಿರಿಯ ಬೆಟ್ಟದ ಚಾಮರಾಜ ಒಡೆಯರ ಕಾಲದಲ್ಲಿ ಇಲ್ಲಿ ಕೋಟೆ ಆಯಿತು ಎಂದು ಇತಿಹಾಸಕಾರರು ಬರೆದಿದ್ದಾರೆ. ಒಳಗಿರುವ ಲಕ್ಷ್ಮೀರಮಣಸ್ವಾಮಿ ದೇವಸ್ಥಾನ ಅದಕ್ಕಿಂತ ಹಿಂದಿನದು. ಅಲ್ಲಿ 1499ರ ಶಾಸನವಿದೆ. ಆದರೆ ಇವತ್ತು ನೀವು ನೋಡುವ ಗೋಡೆ ಆ ಗೋಡೆ ಅಲ್ಲ. 1780ರ ದಶಕದ ಕೊನೆಗೆ ಟಿಪ್ಪು ಸುಲ್ತಾನ್ ಈ ಕೋಟೆಯನ್ನೂ ಊರನ್ನೂ ಕೆಡವಿಸಿ, ಆ ಕಲ್ಲುಗಳನ್ನು ಸುಮಾರು ಒಂದು ಮೈಲಿ ಪೂರ್ವಕ್ಕೆ, ಸ್ವಲ್ಪ ಎತ್ತರದ ಜಾಗಕ್ಕೆ ಸಾಗಿಸಿದ. ಅಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟು ನಜರಾಬಾದ್ ಅಂತ ಹೆಸರಿಟ್ಟ. ಈಗಿನ ನಜರಾಬಾದ್ ಮೊಹಲ್ಲಾ ಅದೇ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಒಡೆಯರಿಗೆ ರಾಜ್ಯ ಮರಳಿತು. ಆಗ ಅದೇ ಕಲ್ಲುಗಳನ್ನು ನಜರಾಬಾದಿನಿಂದ ವಾಪಸು ತಂದು ಇದ್ದ ಜಾಗದಲ್ಲೇ ಕೋಟೆ ಕಟ್ಟಿದರು.

— ಹೋದ ಕಲ್ಲೇ ತಿರುಗಿ ಬಂತೇ!

— ಅದೇ ಬಂತು. ಯೋಚನೆ ಮಾಡಿ: ಹದಿನೈದು ವರ್ಷವೂ ತುಂಬುವ ಮೊದಲೇ ಒಂದು ಊರಿನ ಗೋಡೆ ಬಿಚ್ಚಿ ಹೋಗಿ, ಮತ್ತೆ ಅಲ್ಲೇ ಬಂದು ಕೂತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಪಟ್ಟ ಕಟ್ಟಿದಾಗ ಅವರಿಗೆ ಐದು ವರ್ಷವೂ ಆಗಿರಲಿಲ್ಲ. ಇರಲು ಅರಮನೆ ಇಲ್ಲ, ಸುತ್ತ ಕೋಟೆ ಇಲ್ಲ. ಚಪ್ಪರದ ಕೆಳಗೆ ಪಟ್ಟಾಭಿಷೇಕ ನಡೆಯಿತು. ನಿಮ್ಮ ಚಿಕ್ಕವನ ವಯಸ್ಸಿನ ದೊರೆ ಅವರು. ಇದನ್ನು ಅವನಿಗೆ ಹೇಳಿ ನೋಡಿ, ಕೋಟೆ ನೋಡುವ ಅವನ ಕಣ್ಣೇ ಬೇರೆಯಾಗುತ್ತದೆ.

— ಹೇಳುತ್ತೇನೆ. ಆದರೆ ನನಗೊಂದು ಅನುಮಾನ. ಒಮ್ಮೆ ಕೆಡವಿ ಮತ್ತೆ ಕಟ್ಟಿದ್ದು ಅಂದರೆ ಅಸಲು ಅಲ್ಲ ಅಂತಲೇ ಆಗುತ್ತದಲ್ಲ? ಸಿನಿಮಾ ಸೆಟ್ ಕೂಡ ಕೋಟೆ ಥರಾನೇ ಕಾಣುತ್ತದೆ. ಮಕ್ಕಳಿಗೆ ಅಸಲಿದ್ದನ್ನು ತೋರಿಸಬೇಕು ಅಂತ ನನ್ನ ಆಸೆ.

— ಸೆಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಹಳೆ-ಹೊಸದರದ್ದಲ್ಲಮ್ಮ. ಸೆಟ್ಟು ತಾನು ಹೇಗೆ ಆದೆ ಅನ್ನುವುದನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟರೇ ಅದರ ಕೆಲಸ ನಡೆಯುವುದು. ಮರುಕಟ್ಟಿದ ಕಟ್ಟಡ ತನ್ನ ಬೆಸುಗೆಯನ್ನು ತೋರಿಸಿದರೆ ಅದು ಸುಳ್ಳಾಗುವುದಿಲ್ಲ. ಕೆಡವಿದ್ದು ಯಾವಾಗ, ತಂದದ್ದು ಎಲ್ಲಿಂದ, ಕೂರಿಸಿದ್ದು ಯಾರು ಅಂತ ಹೇಳಿದರೆ ಅದೂ ಚರಿತ್ರೆಯೇ. ಅರಮನೆಯನ್ನೇ ತಗೊಳ್ಳಿ. 1803ರ ಹೊತ್ತಿಗೆ ಎದ್ದ ಮರದ ಅರಮನೆ 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಯಿತು. ಆಗ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರು ಅದೇ ವರ್ಷ ಹೊಸದನ್ನು ಶುರುಮಾಡಿಸಿದರು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ. 1912ಕ್ಕೆ ಮುಗಿಯಿತು; ಖರ್ಚು 41,47,913 ರೂಪಾಯಿ. ಈ ಸಲ ಮರಕ್ಕೆ ಮರವನ್ನೇ ನಿಲ್ಲಿಸಲಿಲ್ಲ. ಬೆಂಕಿಯ ಭಯ ಕಣ್ಣೆದುರೇ ಇತ್ತು. ಕಲ್ಲು ಕಟ್ಟಿದರು, ಕಬ್ಬಿಣ ತಂದರು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಕಳೆದುಕೊಂಡದ್ದರಿಂದ ಏನು ಕಲಿತರು ಅನ್ನುವುದು ಆ ಕಂಬಗಳಲ್ಲೇ ಇದೆ. ಇದಕ್ಕಿಂತ ಅಸಲು ಏನು ಬೇಕು?

— ಸರಿ, ಒಪ್ಪಿದೆ. ಆದರೆ ಬೆಸುಗೆ ತೋರಿಸಬೇಕು ಅಂದಿರಲ್ಲ, ಮಕ್ಕಳ ಕಣ್ಣಿಗೆ ಕಾಣುವಂತೆ ಅದು ಎಲ್ಲಿದೆ? ನನಗೆ ಗೋಡೆ ಗೋಡೆಯ ಹಾಗೇ ಕಾಣುತ್ತದೆ.

— ಸಂದರ್ಶಕರು ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಅಲ್ಲೇ ಹತ್ತಿರ ಶ್ವೇತವರಾಹಸ್ವಾಮಿ ದೇವಸ್ಥಾನವಿದೆ. ಎಲ್ಲರೂ ಅರಮನೆಯ ಗುಮ್ಮಟ ನೋಡುತ್ತ ಅದನ್ನು ದಾಟಿ ಹೋಗಿಬಿಡುತ್ತಾರೆ. ನೀವು ದಾಟಬೇಡಿ. ವರಾಹಮೂರ್ತಿಯನ್ನು ಚಿಕ್ಕದೇವರಾಜ ಒಡೆಯರು ತಮಿಳುನಾಡಿನ ಶ್ರೀಮುಷ್ಣದಿಂದ ತರಿಸಿ ಶ್ರೀರಂಗಪಟ್ಟಣದಲ್ಲಿ ಇರಿಸಿದ್ದರು. ಅಲ್ಲಿನ ಗುಡಿ ಹೋದಮೇಲೆ ಮೂರ್ತಿ ಮೈಸೂರಿಗೆ ಬಂತು. ದಿವಾನ್ ಪೂರ್ಣಯ್ಯನವರು ಅದಕ್ಕೊಂದು ಗುಡಿ ಕಟ್ಟಿಸಿದರು. ಕಟ್ಟಲು ಬಳಸಿದ್ದು ಶಿವಮೊಗ್ಗದ ಕಡೆಯ ಹೊಯ್ಸಳ ಕಟ್ಟಡವೊಂದರ ಕಲ್ಲುಗಳನ್ನು. ಮಕ್ಕಳನ್ನು ಒಳಬಾಗಿಲ ಮುಂದೆ ನಿಲ್ಲಿಸಿ. ಬಾಗಿಲವಾಡದ ಮೇಲೆ ಬೆರಳಿಡಲು ಜಾಗ ಸಿಗದಷ್ಟು ಕೆತ್ತನೆ. ಒಂದೊಂದು ಪಟ್ಟಿಯೂ ಒಂದೊಂದು ಆಳದಲ್ಲಿ, ಒಂದರೊಳಗೊಂದು ಸರಿದ ಹಾಗೆ. ಆಮೇಲೆ ತಲೆ ತಿರುಗಿಸಿ ಪಕ್ಕದ ಗೋಡೆ ನೋಡಲು ಹೇಳಿ. ಅದು ಬೋಳು, ನೇರ, ಹತ್ತೊಂಬತ್ತನೇ ಶತಮಾನದ ಶುರುವಿನ ಕೆಲಸ. ಎರಡು ಕೈ, ಎರಡು ಕಾಲ, ನಡುವೆ ಹಲವು ಶತಮಾನಗಳ ಅಂತರ. ಒಂದೇ ಬಾಗಿಲಲ್ಲಿ ಸೇರಿವೆ. ಯಾವುದು ಹೊರಗಿನಿಂದ ಬಂದ ಕಲ್ಲು ಅಂತ ಮಕ್ಕಳೇ ಗುರುತು ಹಿಡಿಯುತ್ತಾರೆ. ಹೇಳಿಕೊಡಬೇಡಿ.

— ಹಾಗಾದರೆ ಆ ಒಂದು ಗುಡಿಯಲ್ಲಿ ಮೂರು ಊರು ಇವೆ.

— ಶ್ರೀಮುಷ್ಣ, ಶ್ರೀರಂಗಪಟ್ಟಣ, ಶಿವಮೊಗ್ಗ. ಎತ್ತಿನ ಗಾಡಿಯ ಕಾಲದಲ್ಲಿ ಶಿವಮೊಗ್ಗದಿಂದ ಇಲ್ಲಿಯ ತನಕ ಕಲ್ಲು ಬಂದಿದೆ ಅಂದರೆ ಎಷ್ಟು ಎತ್ತು, ಎಷ್ಟು ಆಳು, ಎಷ್ಟು ಹೊಳೆ ದಾಟಿದ್ದಾರೆ! ನಾವು ಪೂರ್ಣಯ್ಯನವರ ಹೆಸರು ಹೇಳುತ್ತೇವೆ. ಗಾಡಿ ಹೊಡೆದವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಕಲ್ಲು ಬಿಚ್ಚಿದವರು, ಹೊತ್ತವರು, ಅಳತೆ ತಪ್ಪದೆ ಕೂರಿಸಿದವರು ಇದ್ದರು ಅನ್ನುವುದನ್ನಾದರೂ ಮಕ್ಕಳು ಆ ಬಾಗಿಲ ಮುಂದೆ ತಿಳಿಯಬೇಕು.

— ನನ್ನ ಮಗಳು ಇದನ್ನೆಲ್ಲ ಕೇಳಿದಮೇಲೆ ಇನ್ನೊಂದು ಪ್ರಶ್ನೆ ಹಾಕುತ್ತಾಳೆ, ನನಗೆ ಗೊತ್ತು. ಅವಳು ನೋಡಿದ ಕೋಟೆಯ ಪಕ್ಕ ಹಳ್ಳಿಯೂ ಇರುತ್ತದೆ. ಕಮ್ಮಾರನ ಕೊಟ್ಟಿಗೆ, ಹಿಟ್ಟಿನ ಗಿರಣಿ, ಎಲ್ಲ. ನಮ್ಮ ಕೋಟೆಯ ಹಳ್ಳಿ ಎಲ್ಲಿ ಅಂದರೆ ಏನು ಹೇಳಲಿ?

— ಒಳಗೇ ಇತ್ತು ಅನ್ನಿ. ನಾನು ಇಷ್ಟು ಹೊತ್ತು ಆ ಪ್ರಶ್ನೆಗೇ ಕಾಯುತ್ತಿದ್ದೆ. ಈಗ ಕೋಟೆ ಬಾಗಿಲು ದಾಟಿದರೆ ಬಯಲು, ಹುಲ್ಲು, ಹೂವಿನ ಪಾತಿ, ನಡುವೆ ಅರಮನೆ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಹೀಗಿರಲಿಲ್ಲ. ಒಂದೊಂದು ಬದಿ ಸುಮಾರು 450 ಗಜವಿದ್ದ ಈ ಚೌಕದ ಒಳಗೆ ಮನೆಗಳು ಒತ್ತೊತ್ತಾಗಿ ತುಂಬಿದ್ದವು. ಹೆಚ್ಚಿನವು ಅರಮನೆಯ ಊಳಿಗದವರವು. ಗಲ್ಲಿ, ಜಗಲಿ, ಸೌದೆ ಹೊಗೆ, ಮಕ್ಕಳ ಗಲಾಟೆ, ಎಲ್ಲವೂ ಅರಮನೆಯ ಗೋಡೆಗೆ ತಾಗಿಕೊಂಡೇ ಇತ್ತು. ಕೋಟೆ ಅಂದರೆ ಊರೇ ಆಗಿತ್ತು.

— ಅವರೆಲ್ಲ ಎಲ್ಲಿ ಹೋದರು?

— ಅರಮನೆ ಸುಟ್ಟ ಮರುವರ್ಷವೇ ಪ್ಲೇಗು ಮೈಸೂರಿಗೆ ಬಂತು. ಇಕ್ಕಟ್ಟಿನ ಮನೆಗಳಲ್ಲಿ ಬೆಂಕಿಯೂ ರೋಗವೂ ಒಂದರಿಂದ ಇನ್ನೊಂದಕ್ಕೆ ಹಾರುತ್ತವೆ ಅನ್ನುವುದು ಎಲ್ಲರಿಗೂ ಮನವರಿಕೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1903ರಲ್ಲಿ, ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಆಯಿತು. ಗಾಳಿ ಬೆಳಕಿನ ಹೊಸ ಬಡಾವಣೆಗಳು, ಅಗಲ ರಸ್ತೆ, ಚರಂಡಿ. ಕೋಟೆಯೊಳಗಿನ ಮನೆಗಳನ್ನು ತೆರವು ಮಾಡಿ ಜನರನ್ನು ಹೊರಗೆ ಕಳಿಸಿದರು. ಕಂದಕ ಮುಚ್ಚಿತು. ಕಾರಣ ಕೆಟ್ಟದ್ದಾಗಿರಲಿಲ್ಲ. ಜೀವ ಉಳಿಸಲು ಮಾಡಿದ ಕೆಲಸ ಅದು, ಇವತ್ತಿನ ಮೈಸೂರಿನ ಅಂದವೂ ಅದರಿಂದಲೇ ಬಂದದ್ದು. ಆದರೂ ಲೆಕ್ಕ ಒಪ್ಪಿಸಲೇಬೇಕಲ್ಲ: ಕೋಟೆಯನ್ನು ಮತ್ತೆ ಕಟ್ಟಿದೆವು, ಅರಮನೆಯನ್ನು ಮತ್ತೆ ಕಟ್ಟಿದೆವು, ಕೇರಿಯನ್ನು ಮಾತ್ರ ಮತ್ತೆ ಕಟ್ಟಲಿಲ್ಲ. ಆದ್ದರಿಂದ ಒಳಗೆ ಹೋದ ಮಗುವಿಗೆ ರಾಜ ಒಬ್ಬನೇ ಕಾಣುತ್ತಾನೆ.

— ಅದು ನಿಜ. ನಾನೂ ಚಿಕ್ಕಂದಿನಿಂದ ನೋಡಿದ್ದು ಸಿಂಹಾಸನ, ಅಂಬಾರಿ, ದರ್ಬಾರ್ ಹಾಲು. ಅಲ್ಲಿ ಅಡುಗೆ ಮಾಡಿದವರು, ನೀರು ಸೇದಿದವರು ಯಾರು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

— ಅರಮನೆಯೊಳಗೇ ಜನ ಸಿಗುವ ಒಂದು ಜಾಗ ಇದೆ. ಕಲ್ಯಾಣ ಮಂಟಪದ ಸುತ್ತ ಗೋಡೆಯ ಮೇಲೆ ಇಪ್ಪತ್ತಾರು ದಸರಾ ಚಿತ್ರಗಳಿವೆ. ಮೈಸೂರಿನ ಕಲಾವಿದರು ಮೆರವಣಿಗೆಯ ಫೋಟೋಗಳನ್ನು ಇಟ್ಟುಕೊಂಡು ಬರೆದದ್ದು. ಎಲ್ಲರೂ ಆನೆ ನೋಡುತ್ತಾರೆ. ನೀವು ಮಕ್ಕಳಿಗೆ ಆನೆಯ ಹಿಂದೆ ಮುಂದೆ ನಡೆಯುವವರನ್ನು ನೋಡಲು ಹೇಳಿ: ವಾದ್ಯದವರು, ಚಾಮರದವರು, ಕುದುರೆ ಸವಾರರು, ಬೀದಿಯ ಬದಿಯಲ್ಲಿ ನಿಂತ ಜನ. ಪೇಟ ಕಟ್ಟಿದ ರೀತಿ, ಕಾಲಿಗೆ ಹಾಕಿದ್ದು, ಮುಖದ ಭಾವ. ಒಂದೇ ಚಿತ್ರದ ಮುಂದೆ ಸಾಕಷ್ಟು ಹೊತ್ತು ನಿಂತರೂ ನಷ್ಟವಿಲ್ಲ. ಅರಮನೆಯನ್ನು ಪೂರ್ತಿ ಓಡಿ ಮುಗಿಸುವುದಕ್ಕಿಂತ ಅದು ಮೇಲು.

— ಚಿತ್ರ ಸರಿ. ಕೈಗೆ ಸಿಗುವ ಹಳ್ಳಿ ಬೇಕಲ್ಲ ಮಕ್ಕಳಿಗೆ?

— ಅದಕ್ಕೆ ಮಾನಸಗಂಗೋತ್ರಿಗೆ ಹೋಗಬೇಕು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1960ರ ದಶಕದ ಕೊನೆಯಲ್ಲಿ ಶುರುವಾದದ್ದು. ದೇ. ಜವರೇಗೌಡರು, ಜೀ.ಶಂ. ಪರಮಶಿವಯ್ಯನವರು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಹಳ್ಳಿ ಹಳ್ಳಿಯ ಸಾಮಾನನ್ನು ಅಲ್ಲಿ ಸೇರಿಸಲು ದುಡಿದರು. ಅದು ಇರುವ ಕಟ್ಟಡ ಜಯಲಕ್ಷ್ಮೀ ವಿಲಾಸ. ಯಾರ ಮದುವೆಯಲ್ಲಿ ಹಳೆಯ ಅರಮನೆ ಸುಟ್ಟಿತೋ ಅದೇ ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಮಹಲು. ರಾಜಕುಮಾರಿಯ ಮಹಲಿನೊಳಗೆ ರೈತರ ಕೂರಿಗೆ, ಬಿದಿರ ಬುಟ್ಟಿ, ತೊಗಲುಗೊಂಬೆ, ಸೋಮನ ಮುಖ ಬಂದು ಕೂತವು. ಕೋಟೆಯಿಂದ ಹೊರಗೆ ಹೋದ ಊರಿಗೆ ಅರಮನೆಯೊಂದು ಬಾಗಿಲು ತೆರೆದಿದೆ ಅಂತ ನನಗೆ ಅನ್ನಿಸುತ್ತದೆ. ಹಳೆಯ ಕಟ್ಟಡ, ದುರಸ್ತಿ ಕೆಲಸ ಇರುತ್ತದೆ. ಹೋಗುವ ಮೊದಲು ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ.

— ಮುಚ್ಚಿದ್ದರೆ?

— ರಾಮನಗರದ ಹತ್ತಿರ ಜಾನಪದ ಲೋಕ ಇದೆ, ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಬೆಂಗಳೂರು ರಸ್ತೆಯಲ್ಲೇ ಸಿಗುತ್ತದೆ. ದೂರ ಹೋಗುವುದಾದರೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ವಿಜಯನಾಥ ಶೆಣೈ ಅನ್ನುವವರು, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಕೆಡವಲು ಹೊರಟ ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಚೌಕಿ ಮನೆಯೂ ಇದೆ, ಕುಕನೂರಿನ ಕಮಲ ಮಹಲೂ ಇದೆ. ನಿಮ್ಮ ಮಗಳು ಕೇಳಿದ ಮರುಕಟ್ಟಿದ ಮಹಲು ಮತ್ತು ಊರು ಎರಡೂ ಒಂದೇ ಕಡೆ ಬೇಕು ಅಂದರೆ ಅದೇ ಸರಿ.

— ಇಂಥ ಕಡೆ ನನಗೊಂದು ಸಂಕಟ ಮೇಷ್ಟ್ರೇ. ಮನೆ ಇರುತ್ತದೆ, ಮನೆಯವರು ಇರುವುದಿಲ್ಲ. ಒಲೆ ಇರುತ್ತದೆ, ಬೂದಿ ಇರುವುದಿಲ್ಲ. ಸುತ್ತಿ ಬರುವಾಗ ಮನಸ್ಸು ಖಾಲಿ ಖಾಲಿ.

— ನೀವು ಹೇಳುವುದು ಸರಿ. ಕಲ್ಲನ್ನೂ ಮರವನ್ನೂ ಸಾಗಿಸಬಹುದು, ಊರು ಬರಲು ಜನ ಬರಬೇಕು. ಭೋಪಾಲಿನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಇದೆಯಲ್ಲ, ಅದರ ದಕ್ಷಿಣ ಕೇಂದ್ರ ನಮ್ಮೂರಿನ ವೆಲ್ಲಿಂಗ್ಟನ್ ಹೌಸಿನಲ್ಲೇ ಇದೆ. ಭೋಪಾಲಿನ ಬೆಟ್ಟದ ಮೇಲೆ ಅವರು ಆದಿವಾಸಿಗಳ ಮನೆಗಳನ್ನು ನಿಲ್ಲಿಸಿದಾಗ ಆಯಾ ಸಮುದಾಯದವರನ್ನೇ ಕರೆಸಿ ಕಟ್ಟಿಸಿದರು. ಮನೆ ಯಾರದೋ ಅವರ ಕೈಯೇ ಗೋಡೆ ಮೆತ್ತಿತು. ನಮ್ಮ ಹತ್ತಿರದಲ್ಲೇ ಇನ್ನೊಂದು ಉದಾಹರಣೆ ಕನ್ನಂಬಾಡಿ. 1911ರಲ್ಲಿ ಕಟ್ಟೆ ಕೆಲಸ ಶುರುವಾಯಿತು, ಹಳೆಯ ಊರು ಮುಳುಗುವುದು ಖಂಡಿತವಾಯಿತು. ಊರಿನವರು ಹೊಸ ಕನ್ನಂಬಾಡಿಗೆ ಬಂದು ನೆಲೆಸಿದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಮಾತ್ರ ನೀರೊಳಗೆ ಉಳಿಯಿತು, ಬರ ಬಂದ ವರ್ಷ ತಲೆ ಎತ್ತುತ್ತಿತ್ತು. ಈ ಶತಮಾನದಲ್ಲಿ ಖೋಡೆ ಪ್ರತಿಷ್ಠಾನದವರು ಆ ಗುಡಿಯನ್ನು ಬಿಚ್ಚಿಸಿ, ಕಲ್ಲು ಕಲ್ಲಿಗೂ ನಂಬರು ಹಾಕಿಸಿ, ಮೇಲೆ ತಂದು ಮರುಜೋಡಿಸಿದರು. ಅಲ್ಲಿ ಜನ ಮೊದಲು ಬಂದರು, ಕಲ್ಲು ಆಮೇಲೆ ಬಂತು. ಮೈಸೂರು ಕೋಟೆಯಲ್ಲಿ ಕಲ್ಲು ಬಂತು, ಜನ ಹೊರಟುಹೋದರು. ಈ ಎರಡನ್ನೂ ಒಟ್ಟಿಗೆ ನೋಡಿದ ಮಗುವಿಗೆ ಮರುಕಟ್ಟುವುದು ಅಂದರೆ ಏನು ಅನ್ನುವುದು ತಾನಾಗಿ ತಿಳಿಯುತ್ತದೆ.

— ಹಾಗಾದರೆ ನಾವು ಹೋದಾಗ ಆ ಖಾಲಿ ಮನೆಯೊಳಗೆ ಜನರನ್ನು ತರುವುದು ಹೇಗೆ?

— ನಿಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿ.

— ಅವರಿಗೆ ಮಂಡಿನೋವು. ಮನೆಯಲ್ಲೇ ಇರುತ್ತೇನೆ ಅನ್ನುತ್ತಾರೆ.

— ನಿಧಾನವಾಗಿ ಹೋಗಿ, ಕೂರಿಸಿಕೊಂಡು ಹೋಗಿ, ಆದರೆ ಬಿಟ್ಟು ಹೋಗಬೇಡಿ. ಅವರು ಹಳ್ಳಿಯಲ್ಲಿ ಬೆಳೆದವರಲ್ಲವೇ? ಬೀಸುವ ಕಲ್ಲಿನ ಮುಂದೆ ನಿಲ್ಲಿಸಿ ನೋಡಿ. ಫಲಕದಲ್ಲಿ ಅದರ ಹೆಸರಷ್ಟೇ ಇರುತ್ತದೆ. ಗೂಟ ಹಿಡಿಯುವುದು ಬಲಗೈಯೋ ಎಡಗೈಯೋ, ರಾಗಿ ಎಷ್ಟು ಹಾಕಿದರೆ ಕಲ್ಲು ಹಗುರ ತಿರುಗುತ್ತದೆ, ಎದುರು ಇಬ್ಬರು ಕೂತರೆ ಕಾಲು ಹೇಗೆ ಚಾಚಬೇಕು, ಬೆಳಗಿನ ಜಾವ ಯಾಕೆ ಬೀಸುತ್ತಿದ್ದರು, ನಿದ್ದೆ ಬಾರದಿರಲು ಏನು ಹಾಡುತ್ತಿದ್ದರು, ಹಿಟ್ಟು ಬಿಸಿಯಾದರೆ ಏನಾಗುತ್ತದೆ. ಇದೆಲ್ಲ ಅವರ ಕೈಯಲ್ಲಿದೆ, ಗಾಜಿನ ಪೆಟ್ಟಿಗೆಯಲ್ಲಿಲ್ಲ. ಮೊಮ್ಮಕ್ಕಳು ಕೇಳಿದರೆ ಆ ಕೈ ತಾನಾಗಿ ಗಾಳಿಯಲ್ಲಿ ತಿರುಗುತ್ತದೆ. ವಸ್ತುಸಂಗ್ರಹಾಲಯ ಇಟ್ಟುಕೊಂಡಿರುವುದು ಅರ್ಧ. ಉಳಿದರ್ಧ ನಿಮ್ಮ ಮನೆಯಲ್ಲಿ ಮಂಡಿನೋವು ಅಂತ ಕೂತಿದೆ.

— ಅಂದರೆ ಕುಟುಂಬವಾಗಿ ಹೋಗುವುದಕ್ಕೇ ಒಂದು ಅರ್ಥ ಇದೆ ಅನ್ನಿ. ಶಾಲೆಯ ಬಸ್ಸಿನಲ್ಲಿ ಹೋದರೆ ಇದು ಸಿಗುವುದಿಲ್ಲ.

— ಶಾಲೆಯ ಬಸ್ಸಿನಲ್ಲಿ ಒಂದೇ ವಯಸ್ಸಿನವರು ಹೋಗುತ್ತಾರೆ. ಮನೆಯವರು ಹೋದಾಗ ಮೂರು ತಲೆಮಾರು ಒಟ್ಟಿಗೆ ಹೋಗುತ್ತದೆ. ಕೋಟೆಯ ಮುಂದೆ ನಿಂತು ಅಜ್ಜಿ ತಾನು ಕಂಡದ್ದು ಹೇಳುತ್ತಾಳೆ, ಅಮ್ಮ ಓದಿದ್ದು ಹೇಳುತ್ತಾಳೆ, ಮಗು ಇಬ್ಬರಿಗೂ ಹೊಳೆಯದ ಪ್ರಶ್ನೆ ಕೇಳುತ್ತದೆ. ಅದೇ ಚರಿತ್ರೆಯ ಪಾಠ. ಅದಕ್ಕೆ ಗೈಡ್ ಬೇಡ.

— ನಾನು ಕ್ರಮ ಬದಲಾಯಿಸುತ್ತೇನೆ. ಮೊದಲು ಅತ್ತೆಯವರ ಜೊತೆ ಜಾನಪದ ಸಂಗ್ರಹಾಲಯ, ಆಮೇಲೆ ಕೋಟೆ. ಮನೆ ಹೇಗಿತ್ತು ಅಂತ ತಿಳಿದುಕೊಂಡು ಬಂದರೆ ಕೋಟೆಯೊಳಗಿನ ಹುಲ್ಲುಹಾಸನ್ನು ನೋಡಿ ಮಕ್ಕಳು ಮನೆಗಳನ್ನು ಊಹಿಸಬಹುದು. ದೊಡ್ಡವಳಿಗೆ ಒಂದು ಹಾಳೆ ಕೊಡುತ್ತೇನೆ. ಕೋಟೆಯ ಚೌಕ, ಜಯಮಾರ್ತಾಂಡ, ಜಯರಾಮ, ಬಲರಾಮ, ವರಾಹ ಬಾಗಿಲುಗಳು, ಒಳಗಿನ ಗುಡಿಗಳು, ಇಷ್ಟನ್ನು ಗುರುತು ಮಾಡಿಕೊಂಡು, ಉಳಿದ ಜಾಗದಲ್ಲಿ ಕೇರಿಯನ್ನು ಅವಳೇ ಬರೆಯಲಿ. ಬಾವಿ ಎಲ್ಲಿರಬೇಕು, ಗಾಡಿ ಎಲ್ಲಿ ನಿಲ್ಲಬೇಕು, ಹೂ ಮಾರುವವಳು ಯಾವ ಗುಡಿಯ ಮುಂದೆ ಕೂರಬೇಕು ಅಂತ.

— ಬಲು ಒಳ್ಳೆಯ ಯೋಚನೆ. ಅವಳು ಬರೆದದ್ದು ಪೂರಾ ಸರಿ ಇರಬೇಕು ಅಂತಿಲ್ಲ. ಆ ಬಯಲಿನಲ್ಲಿ ಜನ ಬಾಳಿದ್ದರು ಅನ್ನುವುದು ಅವಳಿಗೆ ಖಾತರಿಯಾದರೆ ಸಾಕು.

— ಮೇಷ್ಟ್ರೇ, ಇದು ಒಂದು ಮನೆಯ ಮಕ್ಕಳಿಗೆ ಮಾತ್ರ ಯಾಕೆ? ದಸರಾದಲ್ಲಿ ಲಕ್ಷಾಂತರ ಮಂದಿ ಆ ಬಾಗಿಲು ದಾಟುತ್ತಾರೆ.

— ನನ್ನ ಬಹುದಿನದ ಆಸೆಯೂ ಅದೇ. ಕೋಟೆಯ ಪ್ರತಿಯೊಂದು ಬಾಗಿಲಲ್ಲೂ ಕನ್ನಡದಲ್ಲಿ ಒಂದು ನಕ್ಷೆ ಇರಬೇಕು: ಈ ಕಲ್ಲು ನಜರಾಬಾದಿಗೆ ಹೋಗಿ ಬಂದದ್ದು, ಈ ಹುಲ್ಲುಹಾಸು ಒಂದು ಕಾಲಕ್ಕೆ ಕೇರಿಯಾಗಿತ್ತು, ಇಲ್ಲಿ ಇಂಥ ಕಸುಬಿನವರಿದ್ದರು ಅಂತ. ಮನೆಗಳನ್ನು ಮತ್ತೆ ಕಟ್ಟುವುದು ಬೇಡ, ಕಟ್ಟಿದರೂ ಅದು ಅಲಂಕಾರವಾದೀತು. ನೆಲದ ಮೇಲೆ ಗಲ್ಲಿಗಳ ಗೆರೆ ಎಳೆದು ತೋರಿಸಿದರೂ ಸಾಕು, ಮಕ್ಕಳು ಆ ಗೆರೆಯ ಮೇಲೆ ನಡೆಯುತ್ತಾರೆ. ಕೋಟೆಯನ್ನು ಎರಡು ಸಲ ಹೊತ್ತವರ ಮತ್ತು ಅದರೊಳಗೆ ಬಾಳಿದವರ ಲೆಕ್ಕವನ್ನು ಮಕ್ಕಳಿಗೆ ಒಪ್ಪಿಸುವುದು ಊರಿನ ಹೊಣೆ. ಊರು ಅದನ್ನು ಮಾಡುವ ತನಕ ನಿಮ್ಮಂಥ ಅಮ್ಮಂದಿರು, ನಿಮ್ಮ ಅತ್ತೆಯಂಥ ಅಜ್ಜಿಯರು ಮಾಡಬೇಕು. ಈ ರಜೆಗೇ ಶುರುವಾಗಲಿ.